ಮಕ್ಕಳ ಜೊತೆ ಕಿತ್ತಳೆ ತೋಟಕ್ಕೆ: ಚಿಕ್ಕಮಗಳೂರಿಗೆ ಹೊಸದಾಗಿ ಬಂದ ಕುಟುಂಬಗಳಿಗೆ

ಬಯಲುಸೀಮೆಯಿಂದ ವರ್ಗವಾಗಿ ಬಂದವರ ಮನೆಯಲ್ಲಿ ಡಿಸೆಂಬರ್ ಬಂತೆಂದರೆ ಮಕ್ಕಳು ಹಣ್ಣಿನ ತೋಟ ನೋಡಬೇಕೆಂದು ದುಂಬಾಲು ಬೀಳುತ್ತಾರೆ. ಪುಸ್ತಕದ ಚಿತ್ರ ನೋಡಿ ಸೇಬಿನ ತೋಟವೇ ಬೇಕು ಅನ್ನುವವರೂ ಇದ್ದಾರೆ. ಕಾಶ್ಮೀರ, ಹಿಮಾಚಲದ ಸೇಬಿಗೆ 7 ಡಿಗ್ರಿಗಿಂತ ಕೆಳಗಿನ ಚಳಿ ನೂರಾರು ಗಂಟೆ ಸಿಕ್ಕರೇನೇ ಮೊಗ್ಗು ಸರಿಯಾಗಿ ಒಡೆಯುವುದು. ನಮ್ಮ ಗಿರಿಯ ಚಳಿ ಅದಕ್ಕೆ ಸಾಲದು. ಇಲ್ಲಿರುವುದು ಕಾಫಿ ಗಿಡಗಳ ನಡುವೆ ಬೆಳೆಯುವ ಕಿತ್ತಳೆ. ಡಿಸೆಂಬರ್‌ನಿಂದ ಫೆಬ್ರವರಿಯೊಳಗೆ ಹೋದರೆ ಕಿತ್ತಳೆಯ ಜೊತೆ ಕಾಫಿ ಕುಯ್ಲೂ ಕಾಣಸಿಗುತ್ತದೆ. ಅಂಥ ಭಾಗ್ಯ ಎಲ್ಲ ಜಿಲ್ಲೆಯ ಮಕ್ಕಳಿಗೂ ಇಲ್ಲ.

ಮೊದಲು ಅಪ್ಪಣೆ

ಬೇಲಿ ಇಲ್ಲವೆಂದು ರಸ್ತೆ ಬದಿ ಕಾರು ನಿಲ್ಲಿಸಿ ಒಳಗೆ ನುಗ್ಗಬೇಡಿ. ಊರಲ್ಲಿ ಹೊಲದ ಬದುವಿನಲ್ಲಿ ಕಡಲೆ ಗಿಡ ಕಿತ್ತು ತಿಂದರೆ ಯಾರೂ ಏನೂ ಅನ್ನುತ್ತಿರಲಿಲ್ಲ, ನಿಜ. ಇಲ್ಲಿ ಕುಯ್ಲಿನ ಕಾಲದಲ್ಲಿ ಕಾಫಿ, ಮೆಣಸು ಕಳವಾಗುತ್ತವೆ. ಅಪರಿಚಿತರನ್ನು ಕಂಡರೆ ತಡೆದು ಕೇಳಿಯೇ ಕೇಳುತ್ತಾರೆ. ಪರಿಚಯದವರ ಮೂಲಕ ತೋಟದ ಯಜಮಾನರಿಗೋ ರೈಟರಿಗೋ (ತೋಟದ ಕೆಲಸ, ಲೆಕ್ಕ ನೋಡಿಕೊಳ್ಳುವವರು) ಎರಡು ದಿನ ಮುಂಚೆ ತಿಳಿಸಿ. ಎಷ್ಟು ಜನ, ಎಷ್ಟು ಮಕ್ಕಳು, ಎಷ್ಟು ಹೊತ್ತಿಗೆ ಬರುತ್ತೀರಿ ಎಂಬುದನ್ನೂ ಹೇಳಿ. ಇತ್ತೀಚೆಗೆ ಔಷಧಿ ಹೊಡೆದಿದ್ದಾರಾ ಎಂದು ಅದೇ ಕರೆಯಲ್ಲಿ ಕೇಳಿಬಿಡಿ. ಹೊಡೆದಿದ್ದರೆ ಬೇರೆ ದಿನ ನೋಡಿ. ಸಂತೆ ದಿನ ಕೆಲಸಕ್ಕೆ ರಜೆ ಕೊಡುವ ತೋಟಗಳಿವೆ, ಅವತ್ತು ಹೋದರೆ ಕುಯ್ಲು ಇರುವುದಿಲ್ಲ.

ದಾರಿ

ತಿರುವು ಜಾಸ್ತಿ. ಮಕ್ಕಳಿಗೆ ಬೆಳಿಗ್ಗೆ ಪೂರಿ ಬೇಡ, ಎರಡು ಇಡ್ಲಿ ಸಾಕು.

ಬ್ಯಾಗಿನಲ್ಲಿ

- ತುಂಬು ತೋಳಿನ ಅಂಗಿ, ಉದ್ದ ಪ್ಯಾಂಟು, ಸಾಕ್ಸ್, ಶೂ (ಚಪ್ಪಲಿ ಬೇಡ)
- ಇನ್ನೊಂದು ಜೊತೆ ಬಟ್ಟೆ
- ಮೊಂಡು ತುದಿಯ ಕತ್ತರಿ, ಬಟ್ಟೆ ಚೀಲ
- ಸಣ್ಣ ಚಿಮುಟ, ಸೋಪು
- ದಪ್ಪ ಜಮಖಾನ
- ನೀರು, ಮೊಸರನ್ನ
- ಕಸ ವಾಪಸ್ ತರಲು ಚೀಲ

ಕಿತ್ತಳೆ ಕೀಳುವುದು

ಸೀಬೆಹಣ್ಣು ಎಳೆದ ಹಾಗೆ ಕಿತ್ತಳೆಯನ್ನು ಜಗ್ಗಬಾರದು. ಇದರ ಸಿಪ್ಪೆ ಸಡಿಲ. ಜಗ್ಗಿದರೆ ತೊಟ್ಟು ಕೊಂಬೆಯಲ್ಲೇ ಉಳಿದು, ಅದರ ಸುತ್ತಲಿನ ಸಿಪ್ಪೆ ನಾಣ್ಯದಷ್ಟಗಲ ಕಿತ್ತುಬರುತ್ತದೆ. ಆ ತೂತಿಗೆ ಬೂಷ್ಟು ಹಿಡಿದು ಚೀಲದ ಮಿಕ್ಕ ಹಣ್ಣಿಗೂ ಹರಡುತ್ತದೆ. ಒಬ್ಬರು ಕೊಂಬೆ ಹಿಡಿಯಿರಿ, ಮಗು ಎರಡೂ ಅಂಗೈಯಲ್ಲಿ ಹಣ್ಣನ್ನು ಕೆಳಗಿನಿಂದ ಆತುಕೊಳ್ಳಲಿ. ಹಣ್ಣಿಗಿಂತ ಅರ್ಧ ಇಂಚು ಮೇಲೆ ದೊಡ್ಡವರು ಕತ್ತರಿಸಿ, ಆಮೇಲೆ ಉಳಿದ ಕಡ್ಡಿಯನ್ನು ತೊಟ್ಟಿನ ಮಟ್ಟಕ್ಕೆ ಸವರಿ. ಕಡ್ಡಿ ಉದ್ದ ಬಿಟ್ಟರೆ ಪಕ್ಕದ ಹಣ್ಣಿಗೆ ಚುಚ್ಚುತ್ತದೆ. ಬೀಜದಿಂದ ಬೆಳೆದ ಮರದಲ್ಲಿ ಮುಳ್ಳಿರುತ್ತದೆ, ಮಗುವಿನ ಮುಖ ಕೊಂಬೆಯೊಳಗೆ ಹೋಗದ ಹಾಗೆ ನೋಡಿಕೊಳ್ಳಿ.

ಇಬ್ಬನಿ ಆರುವ ಮೊದಲು ಕೀಳಬೇಡಿ. ಒದ್ದೆ ಸಿಪ್ಪೆ ಸ್ವಲ್ಪ ಒತ್ತಿದರೂ ಎಣ್ಣೆ ಒಸರಿ, ಅಲ್ಲಿ ಕಂದು ಕಲೆ ಬೀಳುತ್ತದೆ. ಬಾಳೆಕಾಯಿಯ ಹಾಗೆ ಅಕ್ಕಿ ಡಬ್ಬದಲ್ಲಿಟ್ಟು ಹಣ್ಣು ಮಾಡುವ ಲೆಕ್ಕವೂ ನಡೆಯದು. ಕಿತ್ತ ಮೇಲೆ ಕಿತ್ತಳೆಗೆ ಸಿಹಿ ಕೂಡುವುದಿಲ್ಲ. ಬಣ್ಣವನ್ನೂ ನಂಬಬೇಡಿ. ಸಿಪ್ಪೆ ಅಲ್ಲಲ್ಲಿ ಹಸಿರಿದ್ದರೂ ಒಳಗೆ ಹಣ್ಣಾಗಿರಬಹುದು. ಮರಕ್ಕೊಂದು ಬಿಡಿಸಿ ರುಚಿ ನೋಡಿ. ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಬೀಜ ತೆಗೆದೇ ಕೊಡಿ. ಒಂದು ಮನೆಗೆ ಎರಡು ಕೆಜಿ ಸಾಕು. ತೂಕ ಹಾಕಿಸಿ, ಹೇಳಿದಷ್ಟು ದುಡ್ಡು ಕೊಡಿ, ಚೌಕಾಸಿ ಮಾಡಬೇಡಿ.

ಕಾಫಿ ಗಿಡ, ಕಣ

ಕೆಂಪಾದ ಒಂದು ಹಣ್ಣನ್ನು ಮಗು ಹಿಚುಕಲಿ. ಲೋಳೆ ಹತ್ತಿದ ಎರಡು ಬೇಳೆ ಪುಳಕ್ಕನೆ ಹೊರಗೆ ಜಾರುತ್ತವೆ. ಸಿಪ್ಪೆ ನೆಕ್ಕಿದರೆ ಸಿಹಿ. ಸೂಫಿ ಸಂತ ಬಾಬಾಬುಡನ್ ಯೆಮೆನ್‌ನಿಂದ ಏಳು ಕಾಫಿ ಬೀಜ ತಂದರೆಂಬ ಪ್ರತೀತಿಯನ್ನು ಅಲ್ಲೇ ನಿಂತು ಹೇಳಿ, ಮಕ್ಕಳು ಮರೆಯುವುದಿಲ್ಲ. ಆದರೆ ಕುಯ್ಯುವ ಅಕ್ಕಂದಿರಿಗೆ ಎಷ್ಟೋ ತೋಟಗಳಲ್ಲಿ ಕೆಜಿ ಲೆಕ್ಕದಲ್ಲಿ ಕೂಲಿ. ಮಗು ಕಿತ್ತ ಹಣ್ಣು ಅವರ ಚೀಲಕ್ಕೇ ಹೋಗಲಿ, ಹಸಿರು ಕಾಯಿ ಮುಟ್ಟುವುದು ಬೇಡ. ಕೇಳದೆ ಅವರ ಫೋಟೋ ತೆಗೆಯಬೇಡಿ.

ಕಣದಲ್ಲಿ ಒಣಗುತ್ತಿರುವ ಕಾಫಿಯ ಮೇಲೆ ಓಡಲು ಬಿಡಬೇಡಿ. ತುಳಿದರೆ ಪಾರ್ಚ್‌ಮೆಂಟಿನ (ಹೊರಸಿಪ್ಪೆ ತೆಗೆದು ತೊಳೆದ ಕಾಫಿ) ಒಳಸಿಪ್ಪೆ ಒಡೆದು ಬೇಳೆ ಕೆಡುತ್ತದೆ, ಬೆಲೆ ಇಳಿಯುತ್ತದೆ. ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಮನೆಯ ಹಿಂದಿನ ನೀರಿನ ಗುಂಡಿಗಳ ಕಡೆಗಂತೂ ಮಕ್ಕಳ ಕೈ ಬಿಡಲೇಬೇಡಿ. ಮೇಲೆ ಸಿಪ್ಪೆ ತೇಲುತ್ತಾ ನೆಲದ ಹಾಗೇ ಕಾಣುತ್ತದೆ. ಕರೆಂಟು ಹರಿಯುವ ಸೋಲಾರ್ ಬೇಲಿ ಮುಟ್ಟಬಾರದೆಂದು ಕಾರಿನಿಂದ ಇಳಿಯುವ ಮುಂಚೆಯೇ ಹೇಳಿ. ಮೂಡಿಗೆರೆ, ಆಲ್ದೂರು ಕಡೆ ಆನೆ ಓಡಾಟ ಇದೆ. ಸಂಜೆ ನಾಲ್ಕಕ್ಕೆ ತೋಟ ಬಿಡಿ.

ಉಣ್ಣೆ

ಹೊಸಬರು ಉಂಬಳಕ್ಕೆ (ಜಿಗಣೆಗೆ) ಹೆದರುತ್ತಾರೆ. ಅದು ಮಳೆಗಾಲದ ಕಾಟ, ರಕ್ತ ಹೀರಿ ಬಿಟ್ಟುಹೋಗುತ್ತದೆ. ಬೇಸಿಗೆ ಮುಗಿಯುವವರೆಗೆ ಹೆದರಬೇಕಾದ್ದು ಉಣ್ಣೆಗೆ, ಅಂದರೆ ದನ, ನಾಯಿಗಳ ಮೈಗೆ ಕಚ್ಚಿಕೊಳ್ಳುವ ಹುಳಕ್ಕೆ. 1957ರಲ್ಲಿ ಸೊರಬದ ಕ್ಯಾಸನೂರಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ ಎಂಬ ವೈರಸ್ ಜ್ವರ ಇದರ ಕಡಿತದಿಂದ ಹರಡುತ್ತದೆ. ನಮ್ಮ ಜಿಲ್ಲೆಯ ಕೊಪ್ಪ, ಶೃಂಗೇರಿ, ಎನ್.ಆರ್. ಪುರದ ಕಡೆ ಕಾಣಿಸಿಕೊಂಡಿದೆ. ಮರಿ ಉಣ್ಣೆ ಸಾಸಿವೆಗಿಂತ ಚಿಕ್ಕದು, ಒಣ ಎಲೆಯಲ್ಲಿರುತ್ತದೆ. ಆದ್ದರಿಂದ ತರಗೆಲೆಯ ಮೇಲೆ ಕೂರಬೇಡಿ. ಕಣದ ಬದಿಯ ಗುಡಿಸಿದ ಜಾಗದಲ್ಲಿ ಜಮಖಾನ ಹಾಸಿ. ಪ್ಯಾಂಟಿನ ತುದಿ ಸಾಕ್ಸ್ ಒಳಗೆ ಸೇರಿಸಿ. ಆರೋಗ್ಯ ಕೇಂದ್ರದಲ್ಲಿ ಹಚ್ಚಿಕೊಳ್ಳುವ ಎಣ್ಣೆ ಕೊಡುತ್ತಿದ್ದರೆ, ಚಿಕ್ಕ ಮಕ್ಕಳಿಗೆ ಹೇಗೆ ಬಳಸಬೇಕೆಂದು ಅಲ್ಲೇ ಕೇಳಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆರೋಗ್ಯ ಇಲಾಖೆಗೆ ತಿಳಿಸಿ.

ಮನೆಗೆ ಬಂದ ಕೂಡಲೇ ಬಟ್ಟೆ ಬಿಸಿನೀರಿಗೆ, ಮಕ್ಕಳು ಬಚ್ಚಲಿಗೆ. ಕಿವಿ ಹಿಂದೆ, ಕಂಕುಳು, ಸೊಂಟದ ಪಟ್ಟಿ, ಮಂಡಿ ಹಿಂದೆ ಬೆಳಕು ಹಿಡಿದು ನೋಡಿ. ಕಚ್ಚಿಕೊಂಡಿದ್ದರೆ ಸೀಮೆಎಣ್ಣೆ ಸುರಿಯುವುದು, ಬೆಂಕಿಕಡ್ಡಿ ತಾಗಿಸುವುದು ಬೇಡ. ಚಿಮುಟದಿಂದ ಚರ್ಮಕ್ಕೆ ಹತ್ತಿಕೊಂಡೇ ಹಿಡಿದು, ತಿರುಚದೆ ನೇರ ಎಳೆದು, ಸೋಪಿನಲ್ಲಿ ತೊಳೆಯಿರಿ. ಎರಡು ವಾರದೊಳಗೆ ಜೋರು ಜ್ವರ, ತಲೆನೋವು, ಮೈಕೈ ನೋವು ಬಂದರೆ ಮನೆಯಲ್ಲೇ ಮಾತ್ರೆ ನುಂಗಿಸಿ ಕಾಯಬೇಡಿ. ಡಾಕ್ಟರರ ಹತ್ತಿರ ಹೋಗಿ, ಇಂಥ ದಿನ ಇಂಥ ತೋಟಕ್ಕೆ ಹೋಗಿದ್ದೆವು ಎಂದು ಕೇಳುವ ಮೊದಲೇ ಹೇಳಿ.