ಮೂರು ಊರು, ಒಂದೇ ಲೇಟೆಕ್ ಫೈಲು: ಜಗಳವಿಲ್ಲದೆ ಬರೆಯೋದು ಹೇಗೆ

ನಾನು ಮಡಿಕೇರಿಯಲ್ಲಿ, ಒಬ್ಬರು ವಿರಾಜಪೇಟೆಯಲ್ಲಿ, ಇನ್ನೊಬ್ಬರು ಪೊನ್ನಂಪೇಟೆಯಲ್ಲಿ. ಮೂವರೂ ಡಿಗ್ರಿ ಮಕ್ಕಳಿಗೆ ಗಣಿತ ಹೇಳಿಕೊಡುತ್ತೇವೆ. ಕ್ಯಾಲ್ಕುಲಸ್ ನೋಟ್ಸನ್ನು ಲೇಟೆಕ್‌ನಲ್ಲಿ (LaTeX, ಕಮಾಂಡ್‌ಗಳಲ್ಲಿ ಬರೆದದ್ದನ್ನು ಗಣಿತದ ಚಿಹ್ನೆಗಳಿರುವ ಪಿಡಿಎಫ್ ಮಾಡಿಕೊಡುವ ವ್ಯವಸ್ಥೆ) ಬರೆದು, ಮೊದಲು ವಾಟ್ಸ್ಆ್ಯಪ್‌ನಲ್ಲಿ ಕಳಿಸಿಕೊಳ್ಳುತ್ತಿದ್ದೆವು. ಒಂದು ಸಲ ಇಬ್ಬರು ಒಂದೇ ಅಧ್ಯಾಯ ತಿದ್ದಿ, ಒಬ್ಬರ ಎರಡು ದಿನದ ಕೆಲಸ ಹೋಯಿತು. ಆಮೇಲೆ ಓವರ್‌ಲೀಫ್ (Overleaf) ಅನ್ನೋ, ಹಲವರು ಸೇರಿ ಲೇಟೆಕ್ ಬರೆಯುವ ವೆಬ್‌ಸೈಟ್‌ಗೆ ಬಂದೆವು. ಬ್ರೌಸರ್‌ನಲ್ಲೇ ಬರೆಯಬಹುದು, ಏನೂ ಇನ್‌ಸ್ಟಾಲ್ ಮಾಡಬೇಕಿಲ್ಲ. ಒಬ್ಬರು ಪ್ರಾಜೆಕ್ಟ್ ತೆರೆದು, ಶೇರ್ ಒತ್ತಿ, ಉಳಿದವರನ್ನು ಕರೆಯಬೇಕು. ಉಚಿತ ಖಾತೆಯಲ್ಲಿ ಎಷ್ಟು ಜನರನ್ನು ಸೇರಿಸಬಹುದು ಅನ್ನೋದಕ್ಕೆ ಮಿತಿ ಇದೆ, ಮೊದಲೇ ನೋಡಿಕೊಳ್ಳಿ.

ಟೈಪ್ ಶುರು ಮಾಡುವ ಮುಂಚೆ ಚಿಹ್ನೆಗಳನ್ನು ಮಾತಾಡಿ ಗೊತ್ತು ಮಾಡಿ. ಇದನ್ನು ಮಾತ್ರ ಬಿಡಬೇಡಿ. ವೆಕ್ಟರ್‌ಗೆ ಒಬ್ಬರು ಮೇಲೆ ಬಾಣ ಹಾಕುತ್ತಾರೆ, ಇನ್ನೊಬ್ಬರು ದಪ್ಪ ಅಕ್ಷರ ಬಳಸುತ್ತಾರೆ, ಓದುವ ಮಕ್ಕಳು ಎರಡೂ ಬೇರೆ ಬೇರೆ ಅಂದುಕೊಳ್ಳುತ್ತಾರೆ. ಅದಕ್ಕೆ ನ್ಯೂಕಮಾಂಡ್ (\newcommand) ಬಳಸಿ ವೆಕ್ಟರ್‌ಗೆ ನಿಮ್ಮದೇ ಒಂದು ಕಮಾಂಡ್ ಮಾಡಿ, ಅದನ್ನು ಬೇರೆ ಫೈಲಿನಲ್ಲಿಡಿ. ನಾಳೆ ಮನಸ್ಸು ಬದಲಾದರೆ ಒಂದು ಸಾಲು ತಿದ್ದಿದರೆ ಸಾಕು, ಇನ್ನೂರು ಪುಟವೂ ಬದಲಾಗುತ್ತದೆ!

ಅಧ್ಯಾಯಕ್ಕೊಂದು ಫೈಲು, ಫೈಲಿಗೊಬ್ಬರು ಹೊಣೆ. ಮುಖ್ಯ ಫೈಲಿನಲ್ಲಿ ಇನ್‌ಪುಟ್ (\input) ಕಮಾಂಡ್‌ನಿಂದ ಎಲ್ಲವನ್ನೂ ಸೇರಿಸಿ.

ಒಂದು ವಾಕ್ಯಕ್ಕೆ ಒಂದು ಸಾಲು ಬಳಸಿ. ಸಾಲು ಮುರಿದರೂ ಪಿಡಿಎಫ್‌ನಲ್ಲಿ ಪ್ಯಾರಾ ಒಡೆಯುವುದಿಲ್ಲ, ನಡುವೆ ಖಾಲಿ ಸಾಲು ಬಿಟ್ಟರೆ ಮಾತ್ರ ಒಡೆಯುತ್ತದೆ. ಒಬ್ಬರು ಒಂದು ಬ್ರಾಕೆಟ್ ಮುಚ್ಚಲು ಮರೆತರೂ ಮೂವರ ಪಿಡಿಎಫೂ ಕೆಡುತ್ತದೆ, ಅಲ್ವಾ? ಆಗ ಎರರ್ ತೋರಿಸುವ ಸಾಲನ್ನೂ ಅದರ ಹಿಂದಿನ ಕೆಲವು ಸಾಲುಗಳನ್ನೂ ನೋಡಿ. ತಪ್ಪು ಸಿಕ್ಕಿತು, ಆದರೆ ಹೇಗೆ ಸರಿಮಾಡೋದು ಗೊತ್ತಿಲ್ಲ ಅಂದರೆ, ಅಳಿಸಬೇಡಿ. ಸಾಲಿನ ಶುರುವಿನಲ್ಲಿ ಶೇಕಡಾ ಗುರುತು (%) ಹಾಕಿ, ಆಗ ಲೇಟೆಕ್ ಆ ಸಾಲನ್ನು ಬಿಟ್ಟುಬಿಡುತ್ತದೆ; ಬರೆದವರಿಗೆ ಒಂದು ಫೋನ್ ಮಾಡಿ.

ಲೇಬಲ್‌ಗಳಿಗೆ, ಅಂದರೆ ಸಮೀಕರಣವನ್ನು ಬೇರೆ ಕಡೆಯಿಂದ ಉಲ್ಲೇಖಿಸಲು ಕೊಡುವ ಹೆಸರುಗಳಿಗೆ, ಅಧ್ಯಾಯದ ಹೆಸರು ಸೇರಿಸಿ. ಇಬ್ಬರೂ ಸುಮ್ನೆ ‘ಸಮೀಕರಣ 1’ ಅಂತ ಇಟ್ಟರೆ ರೆಫರೆನ್ಸ್ ಎಲ್ಲಿಗೋ ಹೋಗುತ್ತದೆ.

ನಡುವೆ ಕನ್ನಡವೂ ಬೇಕಿದ್ದರೆ ಮೆನುವಿನಲ್ಲಿ ಕಂಪೈಲರನ್ನು (ಫೈಲನ್ನು ಪಿಡಿಎಫ್ ಮಾಡುವ ಪ್ರೋಗ್ರಾಮ್) ಝೀಲೇಟೆಕ್‌ಗೆ (XeLaTeX) ಬದಲಿಸಿ, ಫಾಂಟ್ ಆರಿಸಲು ಫಾಂಟ್‌ಸ್ಪೆಕ್ (fontspec) ಪ್ಯಾಕೇಜ್ ಹಾಕಿ, ಯೂನಿಕೋಡ್ ಕನ್ನಡ ಫಾಂಟ್ ಕೊಡಿ.

ಇನ್ನು ನಮ್ಮ ಮಳೆ. ಜೂನ್, ಜುಲೈನಲ್ಲಿ ಕರೆಂಟು ಹೋದರೆ ನೆಟ್‌ವರ್ಕೂ ಹೋಗುತ್ತದೆ, ಯಾವಾಗ ಬರುತ್ತದೋ ಹೇಳೋಕಾಗಲ್ಲ. ದಿನಾ ಕೆಲಸ ಮುಗಿದ ಮೇಲೆ ಎಲ್ಲಾ ಲೇಟೆಕ್ ಫೈಲುಗಳಿರುವ ಸೋರ್ಸ್ ಝಿಪ್ ಇಳಿಸಿಕೊಳ್ಳಿ. ಕರೆಂಟಿಲ್ಲದ ದಿನ ನಿಮ್ಮ ಅಧ್ಯಾಯವನ್ನು ಮಾತ್ರ ಲ್ಯಾಪ್‌ಟಾಪ್‌ನಲ್ಲಿ ತಿದ್ದಿ, ನೆಟ್ ಬಂದ ಮೇಲೆ ಅದೊಂದೇ ಫೈಲನ್ನು ವಾಪಸ್ ಹಾಕಿ. ಫೈಲಿಗೊಬ್ಬರೇ ಇರುವುದರಿಂದ ಯಾರ ಕೆಲಸವೂ ಅಳಿಸುವುದಿಲ್ಲ.