ಗಾಜಿಗೆ ಫಿಲ್ಮ್ ಹಾಕಿಸಿದಿರಾ? ಡ್ಯಾಶ್‌ಕ್ಯಾಮ್‌ಗೆ ಅವಸರ ಬೇಡ

ಕಾರಿನ ಮುಂಗಾಜಿಗೆ ಫಿಲ್ಮ್ ಅಂಟಿಸುವುದು ಒಳಗಡೆಯಿಂದ. ಫಾಸ್ಟ್ಯಾಗ್, ಡ್ಯಾಶ್‌ಕ್ಯಾಮ್ (ರಸ್ತೆಯನ್ನು ಚಿತ್ರೀಕರಿಸುವ ಪುಟ್ಟ ಕ್ಯಾಮೆರಾ), ಫೋನ್ ಹೋಲ್ಡರ್ ಎಲ್ಲವೂ ಕೂರುವುದು ಅದೇ ಒಳಮೈ ಮೇಲೆ. ಹಾಗಾಗಿ ಯಾವುದು ಮೊದಲು, ಯಾವುದು ಆಮೇಲೆ ಎಂದು ಅಂಗಡಿಗೆ ಹೋಗುವ ಮುಂಚೆಯೇ ಯೋಚಿಸಿಕೊಳ್ಳಿ.

ಮೊದಲು ಕಾನೂನು. ಮುಂದಿನ, ಹಿಂದಿನ ಗಾಜಿನಲ್ಲಿ ಕನಿಷ್ಠ ಶೇ 70ರಷ್ಟು, ಪಕ್ಕದ ಗಾಜುಗಳಲ್ಲಿ ಶೇ 50ರಷ್ಟು ಬೆಳಕು ಹಾಯಬೇಕು. 2012ರಲ್ಲಿ ಸುಪ್ರೀಂ ಕೋರ್ಟ್ ಫಿಲ್ಮ್ ಅಂಟಿಸುವುದನ್ನೇ ನಿಷೇಧಿಸಿತ್ತು. ಆಮೇಲೆ ನಿಯಮ ತಿದ್ದುಪಡಿಯಾಯಿತು. ಈ ಮಿತಿಯೊಳಗಿನ ಫಿಲ್ಮ್‌ಗೆ ದಂಡ ಹಾಕುವಂತಿಲ್ಲ ಎಂದು 2024ರಲ್ಲಿ ಕೇರಳ ಹೈಕೋರ್ಟ್ ಹೇಳಿತು. ಆದರೂ ರಸ್ತೆಯಲ್ಲಿ ಪೊಲೀಸರು ಕೇಳಬಹುದು. ಬಿಲ್ಲು ಕಾರಿನಲ್ಲೇ ಇರಲಿ.

ಫಿಲ್ಮ್ ಆರಿಸುವಾಗ ಲೋಹದ ಪದರ ಇರುವುದು ಬೇಡ. ಫಾಸ್ಟ್ಯಾಗ್‌ಗೆ ಬ್ಯಾಟರಿ ಇಲ್ಲ, ಟೋಲ್‌ನ ಯಂತ್ರ ಕಳಿಸುವ ರೇಡಿಯೊ ಅಲೆಯಿಂದಲೇ ಅದು ಕೆಲಸ ಮಾಡುತ್ತದೆ. ಲೋಹ ಆ ಅಲೆಯನ್ನು ತಡೆಯುತ್ತದೆ. ಜಿಪಿಎಸ್‌ಗೂ ಇದೇ ತೊಂದರೆ. ಲೋಹವಿಲ್ಲದ ಸೆರಾಮಿಕ್ ಫಿಲ್ಮ್‌ಗೆ ಬೆಲೆ ಜಾಸ್ತಿ, ಆದರೆ ಈ ರಗಳೆ ಇಲ್ಲ.

ಹಳೇ ಫಾಸ್ಟ್ಯಾಗ್ ಏನು ಮಾಡೋದು? ಕಿತ್ತರೆ ಹರಿಯುತ್ತದೆ, ಮತ್ತೆ ಅಂಟಿಸಲು ಬರುವುದಿಲ್ಲ. ಎರಡು ದಾರಿ ಇವೆ. ಒಂದು, ಟ್ಯಾಗ್ ಸುತ್ತ ಫಿಲ್ಮ್ ಕತ್ತರಿಸಲು ಅಂಗಡಿಯವರಿಗೆ ಹೇಳುವುದು. ಇನ್ನೊಂದು, ಟ್ಯಾಗ್ ಕೊಟ್ಟ ಬ್ಯಾಂಕಿನಿಂದಲೇ ಬದಲಿ ಟ್ಯಾಗ್ ತರಿಸಿಕೊಳ್ಳುವುದು. ನೋಡಲು ಅಷ್ಟು ಚಂದ ಇಲ್ಲದಿದ್ದರೂ ನನ್ನ ಓಟು ಮೊದಲನೆಯದಕ್ಕೆ. ಟ್ಯಾಗನ್ನು ಕೈಯಲ್ಲಿ ಹಿಡಿದು ತೋರಿಸುವ ಉಪಾಯವಂತೂ ಬೇಡವೇ ಬೇಡ. ಅಂಥ ಟ್ಯಾಗ್‌ಗಳನ್ನು ಕಪ್ಪುಪಟ್ಟಿಗೆ ಸೇರಿಸುವುದಾಗಿ ಹೆದ್ದಾರಿ ಪ್ರಾಧಿಕಾರ 2025ರ ಜುಲೈನಲ್ಲೇ ಹೇಳಿದೆ.

ಡ್ಯಾಶ್‌ಕ್ಯಾಮ್‌ಗೂ ಕನ್ನಡಿಯ ಹಿಂದೆ ಸಣ್ಣ ಜಾಗ ಫಿಲ್ಮ್ ಇಲ್ಲದೆ ಬಿಡಿಸಿಕೊಳ್ಳಿ. ಮಳೆ ಸೆನ್ಸರ್, ಕಂಪನಿಯೇ ಕೊಟ್ಟ ಕ್ಯಾಮೆರಾ ಇದ್ದರೆ ಅವುಗಳ ಮುಂದೆಯೂ ಫಿಲ್ಮ್ ಬರಬಾರದು.

ಫಿಲ್ಮ್ ಹಾಕಿದ ಮೇಲೆ ಸ್ವಲ್ಪ ತಾಳ್ಮೆ ಬೇಕು. ಗಾಜಿಗೂ ಫಿಲ್ಮ್‌ಗೂ ನಡುವೆ ಉಳಿದ ನೀರು ನಿಧಾನಕ್ಕೆ ಆರಬೇಕು. ಬಿಸಿಲಿದ್ದರೆ ಕೆಲವೇ ದಿನ ಸಾಕು. ಮಳೆಗಾಲದಲ್ಲಿ, ಅದರಲ್ಲೂ ಮಡಿಕೇರಿ, ಮಂಗಳೂರಿನ ಕಡೆ, ತಿಂಗಳೇ ಹಿಡಿಯಬಹುದು. ಅಲ್ಲಿಯವರೆಗೆ ಫಿಲ್ಮ್ ಮೇಲೆ ಏನನ್ನೂ ಅಂಟಿಸಬೇಡಿ. ಸಣ್ಣ ಗುಳ್ಳೆ ಕಂಡರೆ ಉಗುರಿನಿಂದ ಒತ್ತಬೇಡಿ, ಆರುತ್ತಾ ಹೋದಂತೆ ಅದೂ ಹೋಗುತ್ತದೆ. ಫೋನ್ ಹೋಲ್ಡರನ್ನು ಗಾಜಿನ ಗೊಡವೆಯಿಂದಲೇ ಬಿಡಿಸಿ ಎಸಿ ಕಿಂಡಿಗೆ ಸಿಕ್ಕಿಸಿ. ರಬ್ಬರ್ ಬಟ್ಟಲನ್ನು ಗಾಜಿಗೆ ಒತ್ತಿ ಕೂರಿಸುವ ಹೋಲ್ಡರನ್ನು ಪದೇ ಪದೇ ಕಿತ್ತರೆ ಫಿಲ್ಮ್ ಏಳುತ್ತದೆ. ಅದೂ ಅಲ್ಲದೆ ರಾಯಚೂರಿನ ಏಪ್ರಿಲ್ ಬಿಸಿಲಿಗೆ ಆ ಬಟ್ಟಲು ಹಿಡಿತ ಬಿಟ್ಟು ಬಿದ್ದೇ ಬೀಳುತ್ತದೆ.

ಡ್ಯಾಶ್‌ಕ್ಯಾಮ್ ಅಂಟಿಸುವ ದಿನ ಕಾರು ನೆರಳಲ್ಲಿರಲಿ. ಫಿಲ್ಮ್ ಇಲ್ಲದ ಜಾಗವನ್ನು ಐಸೊಪ್ರೊಪೈಲ್ ಆಲ್ಕೊಹಾಲ್‌ನಿಂದ ಒರೆಸಿ. ಅಮೋನಿಯಾ ಇರುವ ಗಾಜಿನ ದ್ರಾವಣ ಫಿಲ್ಮ್‌ಗೆ ಆಗಿಬರುವುದಿಲ್ಲ. ಅಂಟು ಹಚ್ಚುವ ಮುನ್ನ ಕ್ಯಾಮೆರಾ ಚಾಲೂ ಮಾಡಿ, ರಸ್ತೆ ನೇರವಾಗಿ ಕಾಣುತ್ತಿದೆಯೇ, ಆ ಜಾಗ ವೈಪರ್ ಓಡಾಡುವ ಕಡೆಯೇ ಇದೆಯೇ ನೋಡಿಕೊಳ್ಳಿ. ಆಮೇಲೆ ಅರ್ಧ ನಿಮಿಷ ಗಟ್ಟಿಯಾಗಿ ಒತ್ತಿ ಹಿಡಿಯಿರಿ. ಅಂಚಿನಲ್ಲಿ ಚುಕ್ಕಿ ಚುಕ್ಕಿ ಕಪ್ಪು ಪಟ್ಟಿ ಇರುತ್ತದಲ್ಲ, ಅದರ ಮೇಲೆ ಹಿಡಿತ ಕಡಿಮೆ. ಕ್ಯಾಮೆರಾದ ಹಿಡಿಕೆಗಿರುವ ಅಕ್ರಿಲಿಕ್ ಫೋಮ್ ಟೇಪ್ ಪೂರ್ತಿ ಗಟ್ಟಿಯಾಗಲು ಸುಮಾರು 72 ಗಂಟೆ ಬೇಕು. ಸಾಧ್ಯವಾದರೆ ಮೊದಲ ದಿನ ಬರೀ ಹಿಡಿಕೆ ಅಂಟಿಸಿ, ಕ್ಯಾಮೆರಾವನ್ನು ಮರುದಿನ ಸಿಕ್ಕಿಸಿ.

ವೈರನ್ನು ಚಾವಣಿಯ ಬಟ್ಟೆಯೊಳಗೆ ಬೆರಳಿನಿಂದಲೇ ತೂರಿಸಿ. ಸ್ಕ್ರೂಡ್ರೈವರ್ ಜಾರಿದರೆ ಫಿಲ್ಮ್ ಸೀಳುತ್ತದೆ. ಮುಂಗಾಜಿನ ಪಕ್ಕದ ಕಂಬದಲ್ಲಿ ಏರ್‌ಬ್ಯಾಗ್ ಇದ್ದರೆ ವೈರ್ ಅದರ ಮುಂದೆ ಹಾಯಬಾರದು. ಗೊತ್ತಿಲ್ಲದಿದ್ದರೆ ಇಷ್ಟು ಕೆಲಸಕ್ಕೆ ಆಟೊ ಎಲೆಕ್ಟ್ರಿಷಿಯನ್‌ರನ್ನು ಕರೆಯಿರಿ.

ಮುಂದೆ ಯಾವಾಗಲಾದರೂ ಹಿಡಿಕೆ ತೆಗೆಯಬೇಕಾದರೆ ಜಗ್ಗಬೇಡಿ. ಹೇರ್ ಡ್ರೈಯರ್‌ನಿಂದ ಸ್ವಲ್ಪ ಬಿಸಿ ಮಾಡಿ, ಗಟ್ಟಿ ನೈಲಾನ್ ದಾರವನ್ನು ಟೇಪಿನ ಹಿಂದೆ ತೂರಿಸಿ ಗರಗಸ ಆಡಿಸಿದ ಹಾಗೆ ಎಳೆಯಿರಿ. ಉಳಿದ ಅಂಟನ್ನು ಬೆರಳಿನಿಂದ ಉಜ್ಜಿ ತೆಗೆಯಿರಿ, ಬ್ಲೇಡು ಬೇಡ.