ಆಷಾಢದಲ್ಲಿ ಗಾಡಿ ತಗೊಂಡೆ, ಏನೂ ಆಗಲಿಲ್ಲ

ಶಿರಾಡಿ ಘಾಟಿಯಲ್ಲಿ ಗ್ಯಾಸ್ ಟ್ಯಾಂಕರ್ ಹಿಂದೆ ಸಿಕ್ಕಿಕೊಂಡವರಿಗೆ ನಾನು ಯಾಕೆ ದೊಡ್ಡ ಗಾಡಿ ಹುಡುಕಿದೆ ಅಂತ ಬಿಡಿಸಿ ಹೇಳಬೇಕಿಲ್ಲ. ನಾನಿರೋದು ಹಾಸನ, ಹೆಂಡತಿಯ ತವರು ಉಪ್ಪಿನಂಗಡಿ. ಅಪ್ಪನ ಕಾಲದ ಸ್ಪ್ಲೆಂಡರ್ ಮೇಲೆ ನಾವಿಬ್ಬರು, ಒಂದು ಬ್ಯಾಗು, ಬರುವಾಗ ಮಾವ ಕಟ್ಟಿಕೊಟ್ಟ ಹತ್ತು ತೆಂಗಿನಕಾಯಿ. ಗುಂಡ್ಯ ದಾಟಿದ್ದೇ ಎರಡನೇ ಗೇರು. ಮಾರನಹಳ್ಳಿ ಬರುವವರೆಗೂ ಟ್ಯಾಂಕರಿನ ಹೊಗೆ ಕುಡಿಯಬೇಕು. ಓವರ್‌ಟೇಕ್ ಮಾಡೋಣ ಅಂತ ಬಲಕ್ಕೆ ಎಳೆದರೆ ಅರ್ಧದಲ್ಲೇ ಉಸಿರು ಕಟ್ಟಿ ವಾಪಸ್ ಹಿಂದಕ್ಕೆ. ಗಾಡಿದೇನೂ ತಪ್ಪಿಲ್ಲ. 97 ಸಿಸಿ, ಎಂಟು ಕುದುರೆ ಶಕ್ತಿ (ಹಾರ್ಸ್‌ಪವರ್). ಅದು ಹಾಲಿಗೆ, ಮಾರ್ಕೆಟ್ಟಿಗೆ ಹುಟ್ಟಿದ ಗಾಡಿ.

ಹೊಸದಕ್ಕೆ ಎರಡೂವರೆ ಲಕ್ಷ ಹಾಕೋ ಶಕ್ತಿ ಇರಲಿಲ್ಲ. ಸೆಕೆಂಡ್ ಹ್ಯಾಂಡೇ ಗತಿ. ಅದರಲ್ಲಿ ನಾನು ಎರಡು ಸಲ ಬಿದ್ದಿದ್ದೇನೆ, ಮೊದಲು ಅದನ್ನೇ ಹೇಳಿಬಿಡುತ್ತೇನೆ.

2021ರಲ್ಲಿ ಬೆಂಗಳೂರಿಗೆ ಹೋಗಿ ಒಂದು ಅಂಗಡಿಯಲ್ಲಿ 62 ಸಾವಿರ ಕೊಟ್ಟು ಇನ್ನೂರು ಚಿಲ್ಲರೆ ಸಿಸಿಯ ಗಾಡಿ ತಂದೆ. ಯಾವ ಗಾಡಿ, ಯಾವ ಅಂಗಡಿ ಬೇಡ ಬಿಡಿ. ಪಾಲಿಶ್ ಹೊಡೆದು ಕನ್ನಡಿ ಮಾಡಿಟ್ಟಿದ್ದರು. ಮೀಟರಿನಲ್ಲಿ 18 ಸಾವಿರ. ನಾನು ಹೋಗುವಷ್ಟರಲ್ಲಿ ಎಂಜಿನ್ ಬಿಸಿಯಾಗಿತ್ತು. "ಈಗಷ್ಟೇ ಒಬ್ರು ಟ್ರಯಲ್ ನೋಡಿ ಹೋದ್ರು ಸಾರ್" ಅಂದರು, ನಂಬಿದೆ. ಮನೆಗೆ ತಂದ ಮೂರನೇ ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ಕಾಂಪೌಂಡ್ ತುಂಬ ನೀಲಿ ಹೊಗೆ, ಅಂದರೆ ಎಂಜಿನ್ ಆಯಿಲ್ ಉರಿಯುತ್ತಿದೆ. ಅಂಗಡಿಯಲ್ಲಿ ಎಂಜಿನ್ ಬಿಸಿ ಇದ್ದದ್ದಕ್ಕೆ ಅದು ಕಂಡಿರಲಿಲ್ಲ. ಪಕ್ಕದ ಮನೆಯವರು ಸೊಳ್ಳೆಗೆ ಹೊಗೆ ಹಾಕ್ತಿದ್ದೀರಾ ಅಂತ ಕೇಳಿದರು. ರಿಂಗು, ಪಿಸ್ಟನ್, ಬೋರು ಅಂತ 19 ಸಾವಿರ. ಟೈರಿಗೆ ಐದು. ಒಂದು ವರ್ಷ ಓಡಿಸಿ 48ಕ್ಕೆ ಮಾರಿದೆ. ಒಟ್ಟು 38 ಸಾವಿರ ನೀರಿಗೆ.

ಎರಡನೇ ಸಲ ಪಾರ್ಟಿ ಕೈಯಿಂದಲೇ ನೇರ ತಗೊಳ್ಳೋಣ ಅಂತ ಹೊರಟು, ಐದು ಸಾವಿರ ಅಡ್ವಾನ್ಸ್ ಕೊಟ್ಟ ಮೇಲೆ ಆರ್‌ಸಿ ನೋಡಿದೆ. ಸಾಲ ಇನ್ನೂ ಬಾಕಿ. "ಬ್ಯಾಂಕಿನ ಎನ್‌ಓಸಿ ಮುಂದಿನ ವಾರ ಬರುತ್ತೆ ಅಣ್ಣ" ಅಂತ ಎರಡು ತಿಂಗಳು. ಕೊನೆಗೆ ಎರಡು ಸಾವಿರ ವಾಪಸ್ ಬಂತು. ಅದೂ ಅವನ ಅಮ್ಮನ ಹತ್ತಿರ ಹೋಗಿ ಕೂತ ಮೇಲೆ.

ಆಮೇಲೆ ಹೊಳೆದದ್ದು ಆಷಾಢದ ಲೆಕ್ಕ. ಆಷಾಢದಲ್ಲಿ ನಮ್ಮ ಕಡೆ ಯಾರೂ ಗಾಡಿ ತಗೊಳ್ಳಲ್ಲ. ಮೇಲೆ ಮಲೆನಾಡಿನ ಮಳೆ, ಬೈಕು ನೋಡೋಕೆ ಅಂತ ಯಾರೂ ಹೊರಗೆ ಬರಲ್ಲ. ಆದರೆ ಮಾರಲೇಬೇಕಾದವನ ಕಷ್ಟಕ್ಕೆ ಆಷಾಢ ಇರುತ್ತಾ? ಫೀಸು, ಗೊಬ್ಬರ, ಕಂತು ಎಲ್ಲ ಅದೇ ತಿಂಗಳಲ್ಲಿ. ದಸರಾ, ದೀಪಾವಳಿ ಮುಂದಿದ್ದರೆ ಅವನು ಹೇಳಿದ್ದೇ ರೇಟು. ಆಷಾಢದಲ್ಲಿ ಫೋನ್ ಮಾಡೋನು ನಾನೊಬ್ಬನೇ. ಇದನ್ನ ಹೇಳಿದಾಗ ನಮ್ಮ ಮೆಕ್ಯಾನಿಕ್ ಅಣ್ಣ ಸ್ಪ್ಯಾನರ್ ಕೆಳಗಿಟ್ಟು ನಕ್ಕರು. "ಮಳೇಲಿ ಮಾರೋ ಗಾಡಿ ಅಂದ್ರೆ ಏನೋ ಐಬಿದೆ ಅಂತಲೇ ಅರ್ಥ ಕಣಯ್ಯ." ಅಮ್ಮ ಮಾತೇ ಬಿಟ್ಟರು.

2023 ಇದಕ್ಕೆ ಹೇಳಿ ಮಾಡಿಸಿದ ವರ್ಷ. ಜೂನ್ 19ರಿಂದ ಜುಲೈ 17ರ ಭೀಮನ ಅಮಾವಾಸ್ಯೆವರೆಗೆ ಆಷಾಢ. ಅದೇ ಜುಲೈ ಮೊದಲ ವಾರ 3ಕ್ಕೆ ಹಾರ್ಲೆ ಎಕ್ಸ್440, 5ಕ್ಕೆ ಟ್ರಯಂಫ್ ಸ್ಪೀಡ್ 400 ಅನ್ನೋ ಹೊಸ ಬೈಕು ಬಿಟ್ಟರು. ಟ್ರಯಂಫ್ ಅಂತೂ 2.33 ಲಕ್ಷ, ಮೊದಲ 10 ಸಾವಿರ ಜನಕ್ಕೆ 2.23. ರಾಯಲ್ ಎನ್‌ಫೀಲ್ಡ್ ಹಿಮಾಲಯನ್‌ನ ಹೊಸ ಎಂಜಿನ್ ಬರುತ್ತೆ ಅನ್ನೋ ಸುದ್ದಿಯೂ ಜೋರಾಗಿತ್ತು (ಹಿಮಾಲಯನ್ 450 ಆ ವರ್ಷದ ನವೆಂಬರಿನಲ್ಲಿ ಬಂತು). ಹಳೇ 411 ಸಿಸಿ ಹಿಮಾಲಯನ್ ಇಟ್ಟುಕೊಂಡ ಹುಡುಗರಿಗೆಲ್ಲ ತುರಿಕೆ ಶುರು. ಡೌನ್ ಪೇಮೆಂಟಿಗೆ ದುಡ್ಡು ಬೇಕು, ಇವತ್ತೇ ಬೇಕು.

ಹಿಮಾಲಯನ್ನೇ ಯಾಕೆ ಅಂದರೆ, ಬಜಾಜ್ ಡಾಮಿನಾರ್ 400 ನೋಡಿದ್ದೆ, ಓಡಿಸಿಯೂ ಇದ್ದೆ. 40 ಕುದುರೆ, ಎಳೆತ ಅಂದ್ರೆ ಎಳೆತ. ಆದರೆ ಹಿಂದೆ ಕೂರೋಳು ಹೆಂಡತಿ. ಡಾಮಿನಾರ್‌ನಿಂದ ಇಳಿದು ಏನೂ ಮಾತಾಡಲಿಲ್ಲ, ಸುಮ್ಮನೆ ಸೊಂಟ ಹಿಡಿದುಕೊಂಡು ನಿಂತಳು. 411ಕ್ಕೆ ಇರೋದು 24 ಕುದುರೆ ಚಿಲ್ಲರೆ, ಆದರೂ ಕೆಳಗಿನ ಆರ್‌ಪಿಎಂನಲ್ಲೇ, ಅಂದರೆ ಎಂಜಿನ್ ನಿಧಾನ ತಿರುಗುವಾಗಲೇ ಎಳೆಯುತ್ತೆ. ಘಾಟಿಯಲ್ಲಿ ಟ್ಯಾಂಕರ್ ಹಿಂದೆ ಬೇಕಾದ್ದು ಅದೇ. ಹೈವೇಯಲ್ಲಿ 130 ಓಡಿಸೋ ಆಸೆ ಇರೋರು ಇದರ ತಂಟೆಗೆ ಬರಬೇಡಿ.

ಹನ್ನೊಂದು ಗಾಡಿ ನೋಡಿದೆ. ಒಂಬತ್ತನ್ನ ಮನೆಯಿಂದ ಹೊರಡದೇ ತಳ್ಳಿಹಾಕಿದೆ. ಅದರಲ್ಲಿ ಇನ್ಶೂರೆನ್ಸ್ ಪಾಲಿಸಿಯ ಕೆಲಸವೇ ಜಾಸ್ತಿ. ಪಾಲಿಸಿಯ ಫೋಟೋ ವಾಟ್ಸ್ಯಾಪ್ ಮಾಡಿ ಅಂತ ಕೇಳುತ್ತೇನೆ. 2019ರ ಗಾಡಿ, ವರ್ಷ ವರ್ಷ ತಪ್ಪದೆ ರಿನ್ಯೂ ಆಗಿ, ಕ್ಲೇಮೇ ಇಲ್ಲ ಅಂದರೆ 2023ರ ಪಾಲಿಸಿಯಲ್ಲಿ ನೋ ಕ್ಲೇಮ್ ಬೋನಸ್ 45 ಪರ್ಸೆಂಟ್ ಇರಬೇಕು. ಒಬ್ಬ "ಒಂದು ಗೀರೂ ಬಿದ್ದಿಲ್ಲ ಬ್ರೋ" ಅಂದ, ಪಾಲಿಸಿಯಲ್ಲಿ ಸೊನ್ನೆ. ಹಿಂದಿನ ವರ್ಷ ಕ್ಲೇಮ್ ಆಗಿರಬೇಕು, ಇಲ್ಲಾ ಪಾಲಿಸಿ ರಿನ್ಯೂ ಮಾಡದೆ ಬಿಟ್ಟಿರಬೇಕು. ಇನ್ನೊಂದರಲ್ಲಿ ಮೀಟರ್ 14 ಸಾವಿರ ತೋರಿಸುತ್ತಿತ್ತು, ಎರಡೂ ಟೈರು ಗಾಡಿಗಿಂತ ಮೂರು ವರ್ಷ ಚಿಕ್ಕವು. ಟೈರಿನ ಪಕ್ಕದ ನಾಲ್ಕು ಅಂಕಿ ಓದಿದರೆ ಗೊತ್ತಾಗುತ್ತೆ: ಮೊದಲೆರಡು ತಯಾರಾದ ವಾರ, ಕೊನೆಯೆರಡು ವರ್ಷ. 14 ಸಾವಿರಕ್ಕೆ ಎರಡೂ ಟೈರ್ ಸವೆಸಿದ ಅಂದರೆ ಅವನು ರೇಸ್ ಓಡಿಸಿರಬೇಕು, ಇಲ್ಲಾ ಮೀಟರ್ ತಿರುಗಿಸಿರಬೇಕು.

ಇದರ ಜೊತೆಗೆ ಫೋನಿನಲ್ಲಿ ಒಂದೇ ಒಂದು ಪ್ರಶ್ನೆ ಕೇಳುತ್ತೇನೆ. ಉತ್ತರ ಬರೋದು ಎಷ್ಟು ತಡ ಆಗುತ್ತೆ ಅನ್ನೋದರ ಮೇಲೇ ಹೋಗಬೇಕೋ ಬೇಡವೋ ಗೊತ್ತಾಗಿಬಿಡುತ್ತೆ. ಆ ಪ್ರಶ್ನೆ ಇಲ್ಲಿ ಬರೆಯಲ್ಲ. ಬರೆದರೆ ನಾಳೆಯಿಂದ ಮಾರೋರೆಲ್ಲ ಉತ್ತರ ಕಲಿತು ಕೂತಿರುತ್ತಾರೆ, ನನಗಿನ್ನೂ ಭಾವಮೈದುನನಿಗೆ ಒಂದು ಗಾಡಿ ಕೊಡಿಸೋದಿದೆ.

ತಗೊಂಡ ಗಾಡಿ ಸಕಲೇಶಪುರದ ಆಚೆ, ಒಂದು ಕಾಫಿ ತೋಟದಲ್ಲಿತ್ತು. ಜುಲೈ 9, ಭಾನುವಾರ. ಹಿಂದಿನ ರಾತ್ರಿಯೇ ಹೇಳಿದ್ದೆ: ನಾನು ಬಂದು ಮುಟ್ಟೋವರೆಗೆ ಸೆಲ್ಫ್ ಒತ್ತಬೇಡಿ, ಒತ್ತಿದ್ದರೆ ಹಾಗೇ ತಿರುಗಿ ಹೋಗ್ತೀನಿ. ಸ್ಪ್ಲೆಂಡರ್‌ನಲ್ಲಿ ರೈನ್‌ಕೋಟ್ ಹಾಕಿಕೊಂಡು ಆರೂಕಾಲಿಗೆ ಅಲ್ಲಿದ್ದೆ. ಜಿಟಿಜಿಟಿ ಮಳೆ, ಶೆಡ್ಡಿನ ಒಳಗೆ ಕರೆಂಟಿಲ್ಲ, ಮೊಬೈಲ್ ಟಾರ್ಚು. ಅಂಗೈ ಹಿಂಭಾಗವನ್ನು ಎಂಜಿನ್ನಿನಿಂದ ಸೈಲೆನ್ಸರಿಗೆ ಹೋಗೋ ಬೆಂಡ್ ಪೈಪಿಗೆ ಇಟ್ಟೆ, ಹಾವು ಮುಟ್ಟಿದಷ್ಟು ತಣ್ಣಗೆ. ಎಂಜಿನ್ ಮೇಲೆ ಧೂಳಿನ ಜೊತೆ ತೇವ ಕೂತಿತ್ತು. ಅರ್ಧ ವಿಶ್ವಾಸ ಅಲ್ಲೇ ಬಂತು. ಮಾರುತ್ತಿದ್ದ ತೋಟದ ಹುಡುಗ ಗಾಡಿಯನ್ನ ತೊಳೆದೂ ಇರಲಿಲ್ಲ, ಚೈನಿಗೆ ಕೆಂಪು ಮಣ್ಣು ಮೆತ್ತಿಕೊಂಡಿತ್ತು. ನನಗಂತೂ ತೊಳೆದ ಗಾಡಿಗಿಂತ ಇದೇ ಇಷ್ಟ. ಆಯಿಲ್ ಎಲ್ಲಿ ಸೋರಿದೆಯೋ ಅಲ್ಲಿ ಮಣ್ಣು ಕಪ್ಪಾಗಿರುತ್ತೆ.

ಸ್ಟಾರ್ಟ್ ಮಾಡೋ ಮುಂಚೆ ಸೈಲೆನ್ಸರ್ ಬಾಯಿಗೆ ಒಂದು ಬಿಳಿ ಹಾಳೆ ಹಿಡಿಯೋಕೆ ಅವನಿಗೇ ಹೇಳಿದೆ. ಎರಡನೇ ಸಲಕ್ಕೆ ಎಂಜಿನ್ ಹಿಡಿಯಿತು. ಬಿಳಿ ಹಬೆ ಬಂತು. ಮಲೆನಾಡಿನ ಚಳಿಯಲ್ಲಿ ಅದು ಬಂದೇ ಬರುತ್ತೆ, ಹೆದರಬೇಡಿ. ಹಾಳೆಯ ಮೇಲೆ ಸಣ್ಣ ಸಣ್ಣ ಚುಕ್ಕಿ. ಬೆರಳಿನಲ್ಲಿ ಉಜ್ಜಿದೆ, ಜಿಡ್ಡಿಲ್ಲ, ನೀರು. 2021ರಲ್ಲಿ ಈ ಹಾಳೆ ನನ್ನ ಹತ್ತಿರ ಇದ್ದಿದ್ದರೆ 38 ಸಾವಿರ ಉಳಿಯುತ್ತಿತ್ತು.

ಆಮೇಲೆ ಮೇನ್ ಸ್ಟ್ಯಾಂಡ್ ಹಾಕಿ, ಹಿಂದೆ ಅವನನ್ನ ಕೂರಿಸಿ ಮುಂದಿನ ಚಕ್ರ ಮೇಲೆಬ್ಬಿಸಿ ಹ್ಯಾಂಡಲ್ ಅನ್ನು ಎರಡೇ ಬೆರಳಲ್ಲಿ ತಿರುಗಿಸಿದೆ. ನಟ್ಟ ನಡುವೆ ಬಂದಾಗ ಒಂದು ಸಣ್ಣ ಗುಳಿಯೊಳಗೆ ಬಿದ್ದ ಹಾಗೆ "ಟಕ್" ಅಂತ ನಿಲ್ಲುತ್ತಿತ್ತು. ಕೋನ್ ಸೆಟ್, ಅಂದರೆ ಹ್ಯಾಂಡಲ್ ತಿರುಗೋ ಬೇರಿಂಗು, ಹೋಗಿದೆ. ಹಿಂದಿನ ಸ್ಪ್ರಾಕೆಟ್ಟಿನ (ಚೈನ್ ಕೂರೋ ಹಲ್ಲುಚಕ್ರ) ಹಿಂಬದಿಯಿಂದ ಚೈನ್ ಎಳೆದರೆ ಅರ್ಧ ಹಲ್ಲು ಕಾಣುವಷ್ಟು ಎದ್ದು ಬಂತು, ಅದೂ ಸವೆದಿದೆ. ಹಿಂದಿನ ಟೈರು ಚಪ್ಪಟೆ. ಮುಂದಿನ ಟೈರಿನಲ್ಲಿ 0219, ಅಂದರೆ ಗಾಡಿ ಜೊತೆ ಬಂದದ್ದೇ. ಮೀಟರ್ 23 ಸಾವಿರ. ಎಲ್ಲ ಒಂದಕ್ಕೊಂದು ತಾಳೆ ಆಗುತ್ತಿತ್ತು. ಸವೆಯಬೇಕಾದ್ದು ಸವೆದಿದೆ, ಸವೆಯಬಾರದ್ದು ಹಾಗೇ ಇದೆ. ಎಂಜಿನ್ ಬೋಲ್ಟುಗಳ ತಲೆ ಮೇಲಿನ ಬಣ್ಣಕ್ಕೆ ಸ್ಪ್ಯಾನರ್ ತಾಗಿದ ಗುರುತೇ ಇರಲಿಲ್ಲ, ಅಂದರೆ ಎಂಜಿನ್ ಬಿಚ್ಚಿಲ್ಲ.

ರೇಟಿನ ವಿಷಯ. ಅವನು ಹೇಳಿದ್ದು 1.48 ಲಕ್ಷ. ನಾನು ಜೇಬಿನಿಂದ ಒಂದು ಚೀಟಿ ತೆಗೆದೆ. ಹೊರಡೋ ಮುಂಚೆಯೇ ಹಾಸನದ ಸ್ಪೇರ್ಸ್ ಅಂಗಡಿಯಲ್ಲಿ ಬರೆಸಿಕೊಂಡ ರೇಟುಗಳು: ಚೈನ್ ಸ್ಪ್ರಾಕೆಟ್, ಕೋನ್ ಸೆಟ್, ಟೈರು, ಬ್ರೇಕ್ ಪ್ಯಾಡು, ಬ್ಯಾಟರಿ, ಕ್ಲಚ್ ಪ್ಲೇಟು, ಅಂಗಡಿಯ ಸೀಲಿನ ಸಮೇತ. ಯಾವುದು ಹೋಗಿದೆಯೋ ಅದಕ್ಕೆ ಅವನ ಕೈಯಲ್ಲೇ ಟಿಕ್ ಹಾಕಿಸಿದೆ. ಬಾಯಲ್ಲಿ "ಹತ್ತು ಬಿಡಿ, ಐದು ಬಿಡಿ" ಅಂದಿದ್ದರೆ ಎರಡು ಮೂರು ಸಾವಿರಕ್ಕೆ ನಿಲ್ಲುತ್ತಿತ್ತು. ಮೇಲೆ ಬೆಂಗಳೂರಿನಲ್ಲಿ ಹೆಲ್ಮೆಟ್ ಇಲ್ಲದ್ದಕ್ಕೆ ನಾಲ್ಕು ದಂಡ, ಐನೂರರಂತೆ ಎರಡು ಸಾವಿರ. ಫೆಬ್ರವರಿಯಲ್ಲಿ ಸರ್ಕಾರ ಅರ್ಧಕ್ಕೆ ಇಳಿಸಿದಾಗ ಕಟ್ಟಬಾರದಿತ್ತೇನಪ್ಪ ಅಂದೆ. "ಕ್ಯೂ ಇತ್ತು ಅಣ್ಣ" ಅಂದ. ಆ ಎರಡು ಸಾವಿರವೂ ಕಡಿಮೆಯಾಯಿತು. ಅವನಿಗೆ ಸ್ಪೀಡ್ 400 ಬುಕ್ ಮಾಡೋ ಗಡಿಬಿಡಿ, ಹತ್ತು ಸಾವಿರ ಜನ ಮುಗಿದುಬಿಟ್ಟರೆ ಅನ್ನೋ ಭಯ. 1.21ಕ್ಕೆ ಮುಗೀತು. ಹೆಸರು ವರ್ಗಾವಣೆಯ 29, 30ನೇ ಫಾರಂ ನಾನೇ ಪ್ರಿಂಟ್ ತೆಗೆದುಕೊಂಡು ಹೋಗಿದ್ದೆ, ಸಹಿ ಆಗದೆ ಫೋನ್‌ಪೇ ಮಾಡಲಿಲ್ಲ.

ಎಡವಿದ್ದು ಪಂಚಾಂಗದಲ್ಲಿ. ಆಷಾಢ ಮುಗಿಯೋಕೆ ವಾರ ಇದೆ, ಅಷ್ಟು ದಿನ ಮೆಕ್ಯಾನಿಕ್ ಅಣ್ಣನ ಶೆಡ್ಡಿನಲ್ಲಿ ಇಟ್ಟು ಶ್ರಾವಣಕ್ಕೆ ಮನೆಗೆ ತರ್ತೀನಿ ಅಂತ ಅಮ್ಮನಿಗೆ ಮಾತು ಕೊಟ್ಟಿದ್ದೆ. ಜುಲೈ 18ಕ್ಕೆ ಶುರುವಾಗಿದ್ದು ಅಧಿಕ ಶ್ರಾವಣ! ಅಮ್ಮ ಕ್ಯಾಲೆಂಡರ್ ತೋರಿಸಿ, "ಇದೂ ಬರಲ್ಲ" ಅಂದರು. ಆಗಸ್ಟ್ 16ರವರೆಗೆ ಗಾಡಿ ಊರಾಚೆ. ಆದರೆ ಅದೇ ಒಳ್ಳೇದಾಯಿತು, ಆತುರ ಇಲ್ಲದೆ ಎಲ್ಲ ಕೆಲಸ ಮಾಡಿಸಿದೆ. ನೆನಪಿದ್ದಷ್ಟು ಲೆಕ್ಕ: ಹಿಂದಿನ ಟೈರು ನಾಲ್ಕೂವರೆ ಸಾವಿರ, ಚೈನ್ ಸ್ಪ್ರಾಕೆಟ್ ಮೂರೂವರೆ, ಕೋನ್ ಸೆಟ್ ಕೂಲಿ ಸೇರಿ ಎರಡು ಸಾವಿರದ ಮೇಲೆ, ಪ್ಯಾಡು ಒಂದೂವರೆ, ಆಯಿಲ್ ಫಿಲ್ಟರ್ ಎರಡು, ಬ್ಯಾಟರಿ ಎರಡು. ಹೆಸರು ವರ್ಗಾವಣೆ, ಇನ್ಶೂರೆನ್ಸ್ ಸೇರಿ ಮೂರು. ಅವನ 45 ಪರ್ಸೆಂಟ್ ಬೋನಸ್ ಅವನ ಜೊತೆ ಹೋಗುತ್ತೆ, ಗಾಡಿ ಜೊತೆ ಬರಲ್ಲ. ಆ ವ್ಯತ್ಯಾಸ ನಾನೇ ಕಟ್ಟಿದೆ. ಇದನ್ನ ಬಹಳ ಜನ ಲೆಕ್ಕಕ್ಕೇ ಹಿಡಿಯಲ್ಲ. ಎಲ್ಲ ಸೇರಿ 1.40 ಹತ್ತಿರ. ಇದೇ ವರ್ಷದ ಗಾಡಿಗೆ ಬೆಂಗಳೂರಿನಲ್ಲಿ 1.55 ಹೇಳುತ್ತಿದ್ದರು, ಚೈನ್ ಬದಲಾಯಿಸದೆ.

ಆ ಒಂದೂವರೆ ತಿಂಗಳು ಸುಮ್ಮನೆ ಕೂರಲಿಲ್ಲ. 110 ಕಿಲೋ ಗಾಡಿಯಿಂದ 190ಕ್ಕೆ ಹೋಗೋದಲ್ಲ, ಅಭ್ಯಾಸ ಆಗಲಿ ಅಂತ ಸ್ಪ್ಲೆಂಡರ್‌ಗೆ 25 ಕಿಲೋದ ಮೂರು ಹಿಂಡಿ ಮೂಟೆ ಕಟ್ಟಿ ಮೈದಾನದಲ್ಲಿ ಎಂಟು ಹಾಕಿದೆ. ಎರಡನೇ ಸುತ್ತಿನಲ್ಲಿ, ನಿಂತಿದೆ ಅನ್ನುವಷ್ಟು ನಿಧಾನದಲ್ಲಿ, ಮೂಟೆ ಸಮೇತ ಪಕ್ಕಕ್ಕೆ ಮಲಗಿದೆ. ಒಂದು ಮೂಟೆ ಹರಿದು ಹಿಂಡಿಯೆಲ್ಲ ಮಣ್ಣುಪಾಲು, ಅದರ ದುಡ್ಡು ಬೇರೆ. ನಿಜ ಹೇಳಬೇಕಂದರೆ ಅದರಿಂದ ಕಲಿತದ್ದು ಕಡಿಮೆ. ಮೂಟೆ ಭಾರ ಮೇಲಿರುತ್ತೆ, ಗಾಡಿಯ ಭಾರ ಕೆಳಗಿರುತ್ತೆ. ಅದಕ್ಕಿಂತ ಎಂಜಿನ್ ಆಫ್ ಮಾಡಿ ಹಿಮಾಲಯನ್ ಅನ್ನು ಶೆಡ್ಡಿನ ಏರಿನಲ್ಲಿ ಹಿಂದಕ್ಕೆ ತಳ್ಳಿದ್ದು ಉಪಯೋಗಕ್ಕೆ ಬಂತು. ನೋಡೋಕೆ ಹೋದಾಗಲೇ ತಳ್ಳಿ ನೋಡಿ. ತಳ್ಳೋಕಾಗದ ಗಾಡಿಯನ್ನ ಮನೆಗೆ ತಂದವರ ಕಾಲು ನೋಡಿದ್ದೇನೆ.

ಆಮೇಲೆ ಮುಂದಿನ ಸ್ಪ್ರಾಕೆಟ್ಟಿಗೆ ಒಂದು ಹಲ್ಲು ಜಾಸ್ತಿ ಹಾಕಿದರೆ ಹೈವೇಯಲ್ಲಿ ನಡುಕ ಕಡಿಮೆ ಆಗುತ್ತೆ ಅಂತ ಹಾಕಿಸಿದೆ. ಹಾಸನದಿಂದ ಚನ್ನರಾಯಪಟ್ಟಣಕ್ಕೆ ಬೆಣ್ಣೆ. ಅದೇ ಶಿರಾಡಿಯಲ್ಲಿ ಮತ್ತೆ ಸ್ಪ್ಲೆಂಡರ್ ಕಥೆ, ಟ್ಯಾಂಕರ್ ಹಿಂದೆ ಎರಡನೇ ಗೇರು. ತಿಂಗಳಲ್ಲಿ ಬಿಚ್ಚಿಸಿದೆ, ಒಂಬೈನೂರು ದಂಡ. ಮೈಲೇಜ್ ಮೂವತ್ತರ ಮೇಲೆ ಕೆಳಗೆ, ಘಾಟಿ ಇದ್ದರೆ 27. ಸ್ಪ್ಲೆಂಡರ್ ಅರವತ್ತು ಕೊಡುತ್ತಿತ್ತು, ಆಗ ಪೆಟ್ರೋಲ್ 102 ಇತ್ತು. ತಿಂಗಳಿಗೆ ಒಂದೂವರೆ ಸಾವಿರ ಹೆಚ್ಚು ಹೋಗುತ್ತೆ, ಅದನ್ನ ಗಾಡಿಯ ಬೆಲೆಯಲ್ಲೇ ಸೇರಿಸಿ ಯೋಚನೆ ಮಾಡಿ.

ಆಗಸ್ಟ್ 25, ವರಮಹಾಲಕ್ಷ್ಮಿ ಹಬ್ಬದ ದಿನ ಗಾಡಿ ಮನೆಗೆ ಬಂತು. ಅಮ್ಮನೇ ನಿಂಬೆಹಣ್ಣು ಇಟ್ಟರು, ಯಾವ ತಿಂಗಳಲ್ಲಿ ದುಡ್ಡು ಕೊಟ್ಟೆ ಅಂತ ಕೇಳಲಿಲ್ಲ. ಮುಂದಿನ ವರ್ಷದ ಆಷಾಢದಲ್ಲಿ ನಮ್ಮ ಆಫೀಸಿನ ಇಬ್ಬರಿಗೆ ಇದೇ ಲೆಕ್ಕದಲ್ಲಿ ಕೊಡಿಸಿದೆ, ಎರಡೂ ಚೆನ್ನಾಗಿ ಓಡುತ್ತಿವೆ. ಅದರಲ್ಲೊಂದನ್ನ ನೋಡೋಕೆ ಮೆಕ್ಯಾನಿಕ್ ಅಣ್ಣನೂ ಬಂದಿದ್ದರು, ಬಿಳಿ ಹಾಳೆ ಅವರೇ ತಂದಿದ್ದರು.

ನನ್ನದು ಈಗ 47 ಸಾವಿರ ದಾಟಿದೆ. ಹೋದ ವಾರದಿಂದ ಬಲಗಡೆ ಫೋರ್ಕ್ (ಮುಂದಿನ ಶಾಕ್) ಸೀಲಿನಲ್ಲಿ ಆಯಿಲ್ ಜಿನುಗೋಕೆ ಶುರುವಾಗಿದೆ. ಸಾವಿರದ ಮೇಲೆ ಇರಬಹುದು, ಭಾನುವಾರ ಬಿಚ್ಚಿಸಬೇಕು.